ಕಾಳು ಒಣಗಿಸುವ ವಿದ್ಯೆ ಬೆಳೆದು ಬಂದ ದಾರಿ



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಏನನ್ನೇ ಬೆಳೆಯಿರಿ, ಕೊನೆಗೆ ಅದನ್ನು ಒಣಗಿಸಲೇ ಬೇಕು. ಬತ್ತವಾದರೂ ಸರಿ, ರಾಗಿಯಾದರೂ ಸರಿ, ಹುರುಳಿ, ಜೋಳ, ಹೊಗೆಸೊಪ್ಪು ಆದರೂ ಸರಿ. ಉತ್ತು, ಬಿತ್ತು, ಕಳೆ ಕಿತ್ತು, ನೀರು ಕಟ್ಟಿ ಆರು ತಿಂಗಳು ದುಡಿದದ್ದು ಕೊನೆಯ ನಾಲ್ಕು ದಿನದಲ್ಲಿ ಕೈಗೆ ಬರುತ್ತೆ, ಇಲ್ಲವೇ ಕೈ ಬಿಟ್ಟು ಹೋಗುತ್ತೆ. ಕೊಯ್ಲಿನ ಹೊತ್ತಿಗೆ ಸರಿಯಾಗಿ ಮೋಡ ಮುಚ್ಚಿಕೊಂಡರೆ ಏನಾಗುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ರಾಶಿ ಬಿಸಿಯಾಗುತ್ತೆ, ಮುಗ್ಗಲು ವಾಸನೆ ಬರುತ್ತೆ, ಮೊಳಕೆ ಒಡೆಯುತ್ತೆ. ಗಿರಣಿಗೆ ಹೊತ್ತುಕೊಂಡು ಹೋದರೆ "ಹಸಿ ಐತೆ, ತೂಕದಲ್ಲಿ ಇಷ್ಟು ಮುರ್ಕೋತೀವಿ" ಅಂತಾರೆ. ಹೌದು ಅನ್ನೋದೋ ಇಲ್ಲ ಅನ್ನೋದೋ ತಿಳಿಯದೆ ನಿಲ್ಲಬೇಕಾಗುತ್ತದೆ.

ಒಣಗಿಸುವುದು ಎಂದರೆ ಬಿಸಿಲಿಗೆ ಹರಡುವುದು, ಅದರಲ್ಲಿ ವಿದ್ಯೆ ಏನು ಬಂತು ಎಂದು ಕೇಳುವವರುಂಟು. ಆದರೆ ಕಾಳಿನೊಳಗಿನ ನೀರು ಹೊರಗೆ ಬರುವ ಬಗೆಯನ್ನು ತಿಳಿಯಲು ಮನುಷ್ಯನಿಗೆ ಬಹಳ ಕಾಲ ಹಿಡಿಯಿತು. ಆ ತಿಳಿವಳಿಕೆಯಲ್ಲಿ ಒಂದು ಮುಖ್ಯವಾದ ಭಾಗ ನಮ್ಮ ಮೈಸೂರಿನಲ್ಲೇ ಹುಟ್ಟಿತು. ಆ ಚರಿತ್ರೆಯನ್ನು ತಿಳಿದುಕೊಂಡರೆ ನಿಮ್ಮ ಕಣದಲ್ಲೂ ಗಿರಣಿಯ ತಕ್ಕಡಿಯ ಮುಂದೆಯೂ ಅದು ಕೆಲಸಕ್ಕೆ ಬರುತ್ತದೆ.

ಮೊದಲು ನಮ್ಮ ಹಿರಿಯರ ಕಣಕ್ಕೆ ಹೋಗೋಣ. ಸಗಣಿಯಿಂದ ಸಾರಿಸಿದ ನೆಲ. ಕೊಯ್ದ ರಾಗಿಯನ್ನು ಕೂಡಲೇ ಒಕ್ಕುತ್ತಿರಲಿಲ್ಲ. ಮೆದೆ ಹಾಕಿ ವಾರಗಟ್ಟಲೆ ಬಿಡುತ್ತಿದ್ದರು. ಕೆಲಸದ ಕೈ ಬಿಡುವಾಗಲಿ ಎಂಬುದು ಒಂದು ಕಾರಣ. ತೆನೆಯೊಳಗಿನ ನೀರು ಮೆಲ್ಲಗೆ, ತಾನಾಗಿ ಹೊರಗೆ ಹೋಗಲಿ ಎಂಬುದು ಇನ್ನೊಂದು. ಬತ್ತವನ್ನು ತೆಳ್ಳಗೆ ಹರಡಿ ಹೊತ್ತಿಗೊಮ್ಮೆ ಕಾಲಿನಿಂದ ಗೆರೆ ಎಳೆದು ತಿರುವುತ್ತಿದ್ದರು. ಸಂಜೆಯಾಗುತ್ತಲೇ ರಾಶಿ ಮಾಡಿ ಮುಚ್ಚುತ್ತಿದ್ದರು. ಒಣಗಿತೇ ಇಲ್ಲವೇ ಎಂದು ನೋಡುವುದಕ್ಕೆ ಯಂತ್ರ ಎಲ್ಲಿಂದ ಬರಬೇಕು? ಒಂದು ಕಾಳನ್ನು ಹಲ್ಲಿಗೆ ಕೊಟ್ಟರೆ ಸಾಕು. ಮೆತ್ತಗೆ ಚಪ್ಪಟೆಯಾದರೆ ಹಸಿ. ಕಟ್ಟೆಂದು ಒಡೆದರೆ ಆಯಿತು. "ಗಾಳಿ ಬಂದಾಗ ತೂರಿಕೋ" ಎಂಬ ಗಾದೆ ಆ ಕಣದಲ್ಲೇ ಹುಟ್ಟಿದ್ದು.

ಈ ಪದ್ಧತಿಯಲ್ಲಿ ಮೂರು ಸತ್ಯಗಳು ಅಡಗಿವೆ. ಒಣಗಿಸುವುದಕ್ಕೆ ಬಿಸಿ ಬೇಕು, ಗಾಳಿಯೂ ಬೇಕು. ಎಲ್ಲ ಕಾಳಿಗೂ ಎರಡೂ ಸಮನಾಗಿ ಸಿಗಬೇಕು, ಅದಕ್ಕೇ ತಿರುವುವುದು. ನಡುನಡುವೆ ವಿಶ್ರಾಂತಿ ಬೇಕು, ಅದಕ್ಕೇ ರಾತ್ರಿಯ ರಾಶಿ. ಹಿರಿಯರಿಗೆ ಇದು ಅನುಭವದಿಂದ ಗೊತ್ತಿತ್ತು. ಕಾರಣವನ್ನು ಲೆಕ್ಕ ಹಾಕಿ ಹೇಳುವ ಕೆಲಸ ಮುಂದಿನವರ ಪಾಲಿಗೆ ಉಳಿಯಿತು.

ಕಣದ ಕೆಲಸ ಕಾರ್ಖಾನೆಯ ಕೆಲಸವಾಗಿ ಬೆಳೆದದ್ದನ್ನು ನಮ್ಮ ಹುಣಸೂರು ನೋಡಿದೆ. ಈ ಊರಿನಲ್ಲಿ ಹಿಂದೆ ಸೈನ್ಯದ ದೊಡ್ಡ ಉಗ್ರಾಣವಿತ್ತು. ತೊಗಲು ಹದಮಾಡುವುದು, ಕಂಬಳಿ ನೇಯುವುದು ಎಲ್ಲವೂ ನಡೆಯುತ್ತಿತ್ತು. 1864ರಲ್ಲಿ ಅದನ್ನು ಎತ್ತಿಬಿಟ್ಟರು. ಆದರೂ ಊರಿನ ಕೈಕಸಬು ಹೋಗಲಿಲ್ಲ. ಆ ಕಾಲದಲ್ಲಿ ಕೊಡಗಿನ ಕಾಫಿ ಇಲ್ಲಿಗೆ ಇಳಿಯುತ್ತಿತ್ತು. ಇಲ್ಲಿ ದೊಡ್ಡ ಕಾಫಿ ಕಾರ್ಖಾನೆಗಳಿದ್ದವು. ತೋಟದಲ್ಲಿ ಅರೆಬರೆ ಒಣಗಿದ, ಸಿಪ್ಪೆ ಇರುವ ಬೀಜವನ್ನು ವಿಶಾಲವಾದ ಅಂಗಳದಲ್ಲಿ ಹರಡಿ ಮತ್ತೆ ಒಣಗಿಸಿ, ಸಿಪ್ಪೆ ಬಿಡಿಸಿ, ಬೀಜ ವಿಂಗಡಿಸಿ ಹೊರದೇಶಕ್ಕೆ ಕಳಿಸುವುದು ಈ ಕೆಲಸದ ಕ್ರಮ. ಕೊಡಗಿನಲ್ಲೇ ಏಕೆ ಪೂರ್ತಿ ಒಣಗಿಸಲಿಲ್ಲ? ಮಲೆನಾಡಿನ ಗಾಳಿಯಲ್ಲಿ ತೇವ ಹೆಚ್ಚು. ಬಯಲುಸೀಮೆಯ ಒಣಗಾಳಿ ಬೀಜದ ನೀರನ್ನು ಬೇಗ ಹೀರುತ್ತದೆ. ಬಿಸಿಯಷ್ಟೇ ಸಾಲದು, ಗಾಳಿಗೆ ಬಾಯಾರಿಕೆ ಇರಬೇಕು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇನ್ನು ಹೊಗೆಸೊಪ್ಪಿನ ಬ್ಯಾರನ್. ಪಿರಿಯಾಪಟ್ಟಣ, ಹುಣಸೂರಿನ ಕಡೆಯ ಎತ್ತರದ ಗೂಡುಗಳನ್ನು ಕಾಣದವರು ಯಾರು? ಸೊಪ್ಪು ಕಾಳಲ್ಲ, ನಿಜ. ಆದರೆ ಶಾಖಕ್ಕೂ ತೇವಕ್ಕೂ ನಡೆಯುವ ವ್ಯವಹಾರ ಎರಡರಲ್ಲೂ ಒಂದೇ. ಇದರ ಮೂಲದ ಕಥೆ ಅಮೆರಿಕದ ಉತ್ತರ ಕೆರೊಲಿನಾದ್ದು. 1839ರಲ್ಲಿ ಸ್ಲೇಡ್ ಎಂಬವರ ಜಮೀನಿನಲ್ಲಿ ಸ್ಟೀಫನ್ ಎಂಬ ಗುಲಾಮ ರಾತ್ರಿ ಬೆಂಕಿ ಕಾಯುತ್ತಾ ನಿದ್ದೆ ಹೋದನಂತೆ. ಎಚ್ಚರವಾದಾಗ ಬೆಂಕಿ ಆರುವುದರಲ್ಲಿತ್ತು. ಗಾಬರಿಯಿಂದ ಇದ್ದಿಲು ತಂದು ಸುರಿದ. ಹೊಗೆಯಿಲ್ಲದ ಹಠಾತ್ ಶಾಖಕ್ಕೆ ಸೊಪ್ಪು ಹೊಂಬಣ್ಣಕ್ಕೆ ತಿರುಗಿತು. ಆ ಸೊಪ್ಪಿಗೆ ಒಳ್ಳೆಯ ಬೆಲೆ ಬಂತು. ಅಲ್ಲಿಂದ ಮುಂದೆ ಹೊಗೆ ಸೊಪ್ಪಿಗೆ ತಾಕದ ಹಾಗೆ ಕಬ್ಬಿಣದ ಕೊಳವೆಯಲ್ಲಿ ಹರಿಸಿ, ಬರೀ ಶಾಖವನ್ನು ಗೂಡಿಗೆ ಬಿಡುವ ಪದ್ಧತಿ ಬಂತು.

ಸೊಪ್ಪು ಬೇಯಿಸುವ ಯಜಮಾನರಿಗೆ ಇದರ ಹದ ಗೊತ್ತು. ಮೊದಲ ಒಂದೆರಡು ದಿನ 32ರಿಂದ 40 ಡಿಗ್ರಿಯೊಳಗೆ ಇಟ್ಟು ಎಲೆ ಹಳದಿಯಾಗಲು ಬಿಡಬೇಕು. ಆಮೇಲೆ ಮೆಲ್ಲಗೆ 50, 55ಕ್ಕೆ ಏರಿಸಿ ಎಲೆ ಒಣಗಿಸಬೇಕು. ಕೊನೆಗೆ 70ರ ಸುಮಾರಿಗೆ ಏರಿಸಿ ನಡುವಿನ ದಂಟನ್ನು ಒಣಗಿಸಬೇಕು. ಮೊದಲೇ ಜೋರು ಉರಿ ಕೊಟ್ಟರೆ ಎಲೆ ಹಸಿರಾಗಿಯೇ ನಿಂತುಬಿಡುತ್ತೆ. ತೇವ ಹೊರಗೆ ಹೋಗದಂತೆ ಕಿಂಡಿ ಮುಚ್ಚಿದರೆ ಎಲೆ ಬೆಂದು ಕಪ್ಪಾಗುತ್ತೆ. ಎಲೆಯ ಮೈ ತೆಳು, ದಂಟು ದಪ್ಪ. ಎಲೆ ಒಣಗಿದ ಎರಡು ದಿನಕ್ಕೆ ದಂಟು ಒಣಗುತ್ತದೆ. ದಪ್ಪವಾದ ವಸ್ತುವಿನ ಒಳಗಿನ ನೀರು ಬಹಳ ತಡವಾಗಿ ಹೊರಗೆ ಬರುತ್ತದೆ ಎಂಬುದನ್ನು ಬ್ಯಾರನ್ನಿನವರು ಕಣ್ಣಾರೆ ಕಂಡವರು. ಇದನ್ನು ನೆನಪಿನಲ್ಲಿಡಿ, ಬತ್ತದ ವಿಷಯಕ್ಕೂ ಇದೇ ಬೀಗದ ಕೈ.

ಈಗ ಪಂಡಿತರ ಕಡೆಗೆ ತಿರುಗೋಣ. ಹೆದರಬೇಡಿ, ಇವರು ಹೇಳಿದ್ದನ್ನೆಲ್ಲ ಒಂದು ರಾಗಿಮುದ್ದೆಯಲ್ಲೇ ತೋರಿಸಬಹುದು.

ಒಲೆಯಿಂದ ಇಳಿಸಿದ ಮುದ್ದೆ ತಟ್ಟೆಗೆ ಬಂದಿದೆ. ಮೊದಮೊದಲು ಬೇಗಬೇಗ ಆರುತ್ತದೆ. ಬೆಚ್ಚಗಾದ ಮೇಲೆ ನಿಧಾನವಾಗಿ ಆರುತ್ತದೆ. ವಸ್ತುವಿಗೂ ಸುತ್ತಲಿನ ಗಾಳಿಗೂ ಬಿಸಿಯ ಅಂತರ ಎಷ್ಟಿದೆಯೋ ಅಷ್ಟು ವೇಗವಾಗಿ ಅದು ಆರುತ್ತದೆ ಎಂದು 1701ರಲ್ಲಿ ಇಂಗ್ಲೆಂಡಿನ ಐಸಾಕ್ ನ್ಯೂಟನ್ ಬರೆದ. ಮುದ್ದೆಯ ಮೈ ಆರಿದೆ ಎಂದು ಮುರಿದು ಬಾಯಿಗಿಟ್ಟರೆ ನಾಲಗೆ ಸುಡುತ್ತದೆ. ಒಳಗಿನ ಬಿಸಿ ಹೊರಗೆ ಬರಲು ದಾರಿ ಸವೆಸಬೇಕು. ಶಾಖ ವಸ್ತುವಿನೊಳಗೆ ಬಿಸಿಯಾದ ಕಡೆಯಿಂದ ತಣ್ಣನೆಯ ಕಡೆಗೆ ಹರಿಯುವುದನ್ನು ಲೆಕ್ಕ ಮಾಡುವ ದಾರಿಯನ್ನು ಫ್ರಾನ್ಸಿನ ಫೂರಿಯೇ 1822ರಲ್ಲಿ ಗ್ರಂಥವಾಗಿ ಬರೆದ. ಮೂವತ್ತಮೂರು ವರ್ಷ ಕಳೆದು 1855ರಲ್ಲಿ ಜರ್ಮನಿಯ ಫಿಕ್ ಎಂಬ ವೈದ್ಯಶಾಸ್ತ್ರಜ್ಞ, ಒಂದು ದ್ರವದೊಳಗೆ ಉಪ್ಪು ಹರಡುವುದೂ ಹೀಗೇ, ಹೆಚ್ಚು ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ, ಎಂದು ತೋರಿಸಿದ. ಕಾಳಿನೊಳಗಿನ ತೇವಕ್ಕೂ ಈ ಲೆಕ್ಕ ಒಪ್ಪುತ್ತದೆ.

ಇವೆಲ್ಲವನ್ನೂ ಒಣಗಿಸುವ ಕೆಲಸಕ್ಕೆ ಜೋಡಿಸಿದವನು ಅಮೆರಿಕದ ಲೂಯಿಸ್. 1921ರಲ್ಲಿ ಅವನು ಬರೆದ ಲೇಖನದ ಸಾರ ಇಷ್ಟು: ಕಾಳು ಒಣಗುವಾಗ ಎರಡು ಕೆಲಸ ನಡೆಯುತ್ತದೆ. ಮೈ ಮೇಲಿನ ನೀರನ್ನು ಗಾಳಿ ಒಯ್ಯುತ್ತದೆ. ಒಳಗಿನ ನೀರು ಮೈಗೆ ಬಂದು ಸೇರುತ್ತದೆ. ಎರಡರಲ್ಲಿ ಯಾವುದು ನಿಧಾನವೋ ಅದೇ ಒಟ್ಟು ಕೆಲಸದ ವೇಗವನ್ನು ಕಟ್ಟಿಹಾಕುತ್ತದೆ.

ಇದಕ್ಕೊಂದು ಲೆಕ್ಕ. ಗಾಳಿಯ ಹದಕ್ಕಿಂತ ಕಾಳಿನಲ್ಲಿ 8 ಪಾಲು ನೀರು ಹೆಚ್ಚಾಗಿದೆ ಎನ್ನಿ. ಮೊದಲ ಗಂಟೆಯಲ್ಲಿ ಅದರ ಅರ್ಧ ಹೋಯಿತು, ಉಳಿದದ್ದು 4. ಎರಡನೆಯ ಗಂಟೆಯಲ್ಲಿ ಉಳಿದದ್ದರ ಅರ್ಧ ಹೋಗಿ 2. ಮೂರನೆಯ ಗಂಟೆಗೆ 1. ನೋಡಿದಿರಾ? ಮೊದಲ ಗಂಟೆಯಲ್ಲಿ ನಾಲ್ಕು ಪಾಲು ಹೋದ ಕಡೆ ಮೂರನೆಯ ಗಂಟೆಯಲ್ಲಿ ಒಂದೇ ಪಾಲು. ಬಿಸಿಲು ಅದೇ, ಗಾಳಿ ಅದೇ, ಸೌದೆಯೂ ಅದೇ. ಕೊನೆಯ ಪಾಲು ತೆಗೆಯುವುದೇ ಕಷ್ಟ, ಅದಕ್ಕೇ ಖರ್ಚು ಹೆಚ್ಚು. ಕಾಳು ಒಣಗಿಸುವ ಯಂತ್ರ ಕಟ್ಟುವ ಎಂಜಿನಿಯರುಗಳು ಹಾಕುವ ಲೆಕ್ಕಕ್ಕೆ ಇಂದಿಗೂ ಇದೇ ಅಡಿಪಾಯ.

ಲೆಕ್ಕದ ಹಿಂದೆಯೇ ಯಂತ್ರಗಳೂ ಬಂದವು. ಅಮೆರಿಕದ ಲೂಸಿಯಾನಾ ಬತ್ತದ ಸೀಮೆ. ಅಲ್ಲಿನ ರಾಜ್ಯ ವಿಶ್ವವಿದ್ಯಾಲಯದವರು 1940ರ ದಶಕದಲ್ಲಿ ಒಂದು ಒಣಗಿಸುವ ಗೋಪುರವನ್ನು ರೂಪಿಸಿದರು. ಗೋಪುರದ ಒಳಗೆ ಬೋರಲು ಹಾಕಿದ ಹೆಂಚಿನ ಹಾಗೆ ತಗಡಿನ ಸಾಲುಗಳು. ಒಂದು ಸಾಲಿನಲ್ಲಿ ಬಿಸಿಗಾಳಿ ಒಳಗೆ ಬರುತ್ತದೆ, ಮುಂದಿನ ಸಾಲಿನಲ್ಲಿ ತೇವ ಹೊತ್ತ ಗಾಳಿ ಹೊರಗೆ ಹೋಗುತ್ತದೆ. ಮೇಲಿಂದ ಸುರಿದ ಬತ್ತ ಆ ಸಾಲುಗಳಿಗೆ ತಗುಲಿ, ಅಡ್ಡಾದಿಡ್ಡಿಯಾಗಿ ಕಲೆಯುತ್ತಾ ಕೆಳಗಿಳಿಯುತ್ತದೆ. ನಿಮ್ಮ ಅಜ್ಜ ಕಣದಲ್ಲಿ ಕಾಲಿನಿಂದ ತಿರುವಿದ್ದನ್ನೇ ಇಲ್ಲಿ ತಗಡು ಮಾಡುತ್ತದೆ. ಒಂದು ಸುತ್ತಿನಲ್ಲಿ ಎರಡು ಮೂರು ಪಾಲು ತೇವ ತೆಗೆದು, ಬತ್ತವನ್ನು ಕೆಲವು ಗಂಟೆ ಕಣಜದಲ್ಲಿ ಸುಮ್ಮನೆ ಇಟ್ಟು, ಮತ್ತೆ ಗೋಪುರಕ್ಕೆ ಏರಿಸುತ್ತಾರೆ. ಇದೇ ಮಾದರಿಯ ಯಂತ್ರಗಳು ನಮ್ಮ ದೇಶದ ಅಕ್ಕಿ ಗಿರಣಿಗಳಿಗೂ ಬಂದವು.

"ಇದೇನು ಸ್ವಾಮಿ, ಬಿಸಿ ಯಂತ್ರ ಕೈಲಿದ್ದ ಮೇಲೆ ನಡುವೆ ಸುಮ್ಮನೆ ಯಾಕೆ ಇಡಬೇಕು? ಒಂದೇ ಸಲ ಒಣಗಿಸಿ ಮುಗಿಸಬಾರದೆ?" ಎಂದು ನೀವು ಕೇಳಬಹುದು. ಈ ಪ್ರಶ್ನೆಗೆ ಉತ್ತರ ಕೊಡುವುದರಲ್ಲಿ ಮೈಸೂರಿನವರಿಗೆ ದೊಡ್ಡ ಪಾಲಿದೆ.

1950ರ ಅಕ್ಟೋಬರಿನಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. ಡಾ. ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ಅಲ್ಲಿನವರು ಕುಸುಬಲಕ್ಕಿಯ ಕೆಲಸವನ್ನು ಕೈಗೆತ್ತಿಕೊಂಡರು. ಹಳೆಯ ಪದ್ಧತಿಯಲ್ಲಿ ಬತ್ತವನ್ನು ತಣ್ಣೀರಿನಲ್ಲಿ ಎರಡು ಮೂರು ದಿನ ನೆನೆಹಾಕುತ್ತಿದ್ದರು. ನೀರು ಹುಳಿತು ಅಕ್ಕಿಗೆ ನಾತ ಹಿಡಿಯುತ್ತಿತ್ತು. 70 ಡಿಗ್ರಿಯ ಆಸುಪಾಸಿನ ಬಿಸಿನೀರಿನಲ್ಲಿ ಮೂರು ನಾಲ್ಕು ಗಂಟೆ ನೆನೆಸಿದರೆ ಸಾಕು ಎಂದು ಅವರು ತೋರಿಸಿಕೊಟ್ಟರು. ಆದರೆ ಬೆಂದ ಬತ್ತವನ್ನು ಒಣಗಿಸಬೇಕಲ್ಲ? ಯಂತ್ರದಲ್ಲಿ ಬೇಗ ಒಣಗಿಸಿದರೆ ಗಿರಣಿಯಲ್ಲಿ ಅಕ್ಕಿ ಒಡೆದು ನುಚ್ಚಾಗುತ್ತಿತ್ತು.

ಆ ಸಂಶೋಧನಾಲಯದ ಕೆ. ಆರ್. ಭಟ್ಟಾಚಾರ್ಯ ಮತ್ತು ವೈ. ಎಂ. ಇಂದುಧರಸ್ವಾಮಿ ಇದನ್ನು ಬಗೆಬಗೆಯಾಗಿ ಪರೀಕ್ಷಿಸಿ 1967ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆಂದ ಬತ್ತದ ತೇವ ಸುಮಾರು ಶೇಕಡಾ 16ಕ್ಕೆ ಇಳಿಯುವವರೆಗೆ ಬಿಸಿಗಾಳಿಯಿಂದ ಬೇಗ ಒಣಗಿಸಿದರೂ ನುಚ್ಚು ಹೆಚ್ಚಾಗಲಿಲ್ಲ. ಅಲ್ಲಿಂದ ಕೆಳಕ್ಕೆ ಒಂದೇ ಉಸಿರಿನಲ್ಲಿ ಒಣಗಿಸಿದರೆ ನುಚ್ಚು ಏರುತ್ತಾ ಹೋಯಿತು. ಇನ್ನೊಂದು ವಿಶೇಷ: ಬಿರುಕು ಯಂತ್ರದೊಳಗೇ ಪೂರ್ತಿ ಬೀಳುವುದಿಲ್ಲ, ಹೊರಗೆ ತೆಗೆದು ಆರುವ ಹೊತ್ತಿನಲ್ಲಿ ಬೀಳುತ್ತದೆ. ಹಾಗಾಗಿ ಅವರು ಹೇಳಿದ ಉಪಾಯ ಸರಳವಾದದ್ದು. 16ರ ಹತ್ತಿರ ನಿಲ್ಲಿಸಿ. ಬಿಸಿಯಾಗಿಯೇ ಕೆಲವು ಗಂಟೆ ರಾಶಿ ಇಡಿ. ಆಮೇಲೆ ಎರಡನೆಯ ಸಲ ಒಣಗಿಸಿ.

ಕಾರಣ ಏನು? ಕಾಳಿನ ಮೈ ಒಣಗಿ ಕುಗ್ಗುತ್ತದೆ. ಹೊಟ್ಟೆಯಲ್ಲಿ ಇನ್ನೂ ನೀರಿದ್ದು ಉಬ್ಬಿರುತ್ತದೆ. ಹೊರಗಿನದು ಬಿಗಿಯುತ್ತದೆ, ಒಳಗಿನದು ಬಿಡುವುದಿಲ್ಲ. ಬಿಸಿಲಿಗೆ ಕೆರೆಯ ಮಣ್ಣು ಬಿರಿಯುವುದನ್ನು ನೋಡಿದ್ದೀರಲ್ಲ, ಅದೇ ರೀತಿ. ರಾಶಿ ಇಟ್ಟರೆ ಹೊಟ್ಟೆಯ ನೀರು ಮೈಗೆ ಬಂದು ಒಳಗೂ ಹೊರಗೂ ಸಮನಾಗುತ್ತದೆ, ಬಿಗಿತ ಸಡಿಲವಾಗುತ್ತದೆ. ನಮ್ಮ ಹಿರಿಯರು ಸಂಜೆ ರಾಶಿ ಮಾಡಿ ಮುಚ್ಚುತ್ತಿದ್ದುದು ಇಬ್ಬನಿಯಿಂದ ಕಾಪಾಡುವುದಕ್ಕೆ ಎಂದು ನಾವು ತಿಳಿದಿದ್ದೆವು. ಅದೂ ನಿಜ; ಒಣಗಿದ ಕಾಳು ಇಬ್ಬನಿ ಕುಡಿದರೂ ಬಿರಿಯುತ್ತದೆ. ಆದರೆ ಆ ರಾಶಿ ಕಾಳಿಗೆ ವಿಶ್ರಾಂತಿಯನ್ನೂ ಕೊಡುತ್ತಿತ್ತು. ತಾಳಿದವನು ಬಾಳಿಯಾನು ಎಂಬ ಮಾತು ಬತ್ತಕ್ಕೂ ಸಲ್ಲುತ್ತದೆ.

ಅಲ್ಲಿಂದ ಈಚೆಗೆ ಲೆಕ್ಕದ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದ್ದಾರೆ. ಒಂದು ಕಾಳನ್ನು ಈರುಳ್ಳಿಯಂತೆ ಪದರ ಪದರವಾಗಿ ಭಾವಿಸಿ, ಪ್ರತಿ ಪದರದಲ್ಲಿ ಕ್ಷಣಕ್ಷಣಕ್ಕೆ ಎಷ್ಟು ಶಾಖ ಒಳಗೆ ಹೋಯಿತು, ಎಷ್ಟು ನೀರು ಹೊರಗೆ ಬಂತು ಎಂದು ಎಣಿಸುತ್ತಾರೆ. ಆಮೇಲೆ ಇಡೀ ರಾಶಿಯನ್ನೂ ಹೀಗೇ ಪದರಗಳಾಗಿ ಎಣಿಸುತ್ತಾರೆ. ಕೆಳಗಿನ ಪದರದಿಂದ ತೇವ ಹೊತ್ತು ಬಂದ ಗಾಳಿ ಮೇಲಿನ ಪದರವನ್ನು ಎಷ್ಟು ಒಣಗಿಸೀತು ಎಂದು ನೋಡುತ್ತಾರೆ. ಯಂತ್ರ ಕಟ್ಟುವ ಮೊದಲೇ ಎಷ್ಟು ಎತ್ತರ, ಎಷ್ಟು ಗಾಳಿ, ಎಷ್ಟು ಉರಿ ಬೇಕೆಂಬುದು ಅಂದಾಜಿಗೆ ಸಿಗುತ್ತದೆ. ಇದರಿಂದ ಉಳಿಯುವುದು ಮುಖ್ಯವಾಗಿ ಉರುವಲು. ಒಂದು ಕಿಲೋ ನೀರನ್ನು ಆವಿ ಮಾಡಲು, ಅದೇ ತಣ್ಣೀರನ್ನು ಕುದಿ ಬರಿಸಲು ಬೇಕಾದ ಶಾಖದ ಏಳರಷ್ಟು ಬೇಕು. ಹಳೆಯ ಬ್ಯಾರನ್ನುಗಳಲ್ಲಿ ಒಂದು ಕಿಲೋ ಹದವಾದ ಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಉರಿಯುತ್ತಿತ್ತು. ಅದರಲ್ಲಿ ಬಹಳ ಪಾಲು ಗೋಡೆ, ಸೂರು, ಕೊಳವೆಯ ಬಾಯಿಂದ ಸುಮ್ಮನೆ ಹೋಗುತ್ತಿತ್ತು. ನಾಗರಹೊಳೆಯ ಅಂಚಿನಲ್ಲಿ ಇರುವ ನಮಗೆ ಸೌದೆಯ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟೆಲ್ಲ ಚರಿತ್ರೆಯಿಂದ ನಮ್ಮ ಮನೆಗೆ ಏನು ಬಂತು ಎಂದು ಈಗ ನೋಡೋಣ.

ಚಾಮರಾಜ ನಾಲೆಯ ಕೆಳಗೆ, ಹಿಂದೆ ಎಡತೊರೆ ಸೀಮೆ ಎನ್ನುತ್ತಿದ್ದ ಕೃಷ್ಣರಾಜನಗರದ ಗದ್ದೆಗಳಲ್ಲಿ, ಈಗ ಕೊಯ್ಲಿನ ಯಂತ್ರ ಬರುತ್ತದೆ. ಬೆಳಗ್ಗೆ ಪೈರು, ಮಧ್ಯಾಹ್ನ ಮೂಟೆ. ಮೆದೆಯಲ್ಲಿ ಮೆಲ್ಲಗೆ ಒಣಗುವ ಕಾಲ ಹೋಯಿತು. ಬತ್ತ ಹಸಿಯಾಗಿ ಕೈಗೆ ಬರುತ್ತದೆ. ಶೇಕಡಾ 20, ಒಮ್ಮೊಮ್ಮೆ ಅದಕ್ಕೂ ಹೆಚ್ಚು ತೇವ. ಸರ್ಕಾರದ ಬೆಂಬಲ ಬೆಲೆಯ ಖರೀದಿಗೆ 17 ಮೀರಬಾರದು. ತಿಂಗಳುಗಟ್ಟಲೆ ಇಡಬೇಕಾದರೆ 14ರೊಳಗೆ ಇರಬೇಕು. ಹಾಗಾಗಿ ಮೊದಲು ತೂಕದ ಲೆಕ್ಕ ಕಲಿಯಿರಿ.

ಶೇಕಡಾ 20 ತೇವದ ಒಂದು ಕ್ವಿಂಟಾಲ್ ಬತ್ತದಲ್ಲಿ 20 ಕಿಲೋ ನೀರು, 80 ಕಿಲೋ ಗಟ್ಟಿ ಪದಾರ್ಥ. ಎಷ್ಟೇ ಒಣಗಿಸಿದರೂ ಆ 80 ಕಿಲೋ ಕರಗುವುದಿಲ್ಲ. 17ಕ್ಕೆ ಒಣಗಿಸಿದರೆ ನೂರರಲ್ಲಿ 83 ಪಾಲು ಗಟ್ಟಿ. 80ನ್ನು 83ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 96 ಕಿಲೋ 400 ಗ್ರಾಂ. ಅಂದರೆ ಹೋದದ್ದು ಮೂರೂವರೆ ಕಿಲೋ ಚಿಲ್ಲರೆ. 14ಕ್ಕೆ ಒಣಗಿಸಿದರೆ 80ನ್ನು 86ರಿಂದ ಭಾಗಿಸಿ. 93 ಕಿಲೋ ಉಳಿಯುತ್ತದೆ, ಏಳು ಕಿಲೋ ಹೋಗುತ್ತದೆ. ಹಸಿ ಎಂದು ಯಾರಾದರೂ ಕ್ವಿಂಟಾಲಿಗೆ ಹತ್ತು ಕಿಲೋ ಮುರಿಯಹೊರಟರೆ, "ತೇವದ ಮೀಟರಿನಲ್ಲಿ ಅಳೆದು ತೋರಿಸಿ ಅಣ್ಣಾ, ಇಬ್ಬರೂ ಕೂತು ಲೆಕ್ಕ ಹಾಕೋಣ" ಅನ್ನಿ. ಒಣಗಿಸುವ ಕೂಲಿಯನ್ನು ಬೇರೆಯಾಗಿ ಕೇಳಿದರೆ ಅದು ಬೇರೆ ಮಾತು. ನೀರಿನ ತೂಕ ಎಷ್ಟು ಎಂಬುದು ಮಾತ್ರ ಯಾರ ಬಾಯಿಮಾತಿನಿಂದಲೂ ಬದಲಾಗುವುದಿಲ್ಲ.

ಎರಡನೆಯದು, ಒಣಗಿಸುವ ಕ್ರಮ. ಬೇಯಿಸದ ಬತ್ತ ಕುಸುಬಲು ಬತ್ತಕ್ಕಿಂತ ನಾಜೂಕು, ಬೇಗ ಬಿರಿಯುತ್ತದೆ. ಉರಿಬಿಸಿಲಿನ ಡಾಂಬರು ರಸ್ತೆಯ ಮೇಲೆ ತೆಳ್ಳಗೆ ಹರಡಿ ದಿನವೆಲ್ಲ ಬಿಟ್ಟರೆ ಮೈ ಸುಟ್ಟು ಹೊಟ್ಟೆ ಹಸಿಯಾಗಿ ಉಳಿಯುತ್ತದೆ, ಗಿರಣಿಯಲ್ಲಿ ನುಚ್ಚು ಹೆಚ್ಚುತ್ತದೆ. ಟಾರ್ಪಾಲಿನ ಮೇಲೆ ಎರಡು ಮೂರು ಅಂಗುಲ ದಪ್ಪಕ್ಕೆ ಹರಡಿ, ಅರ್ಧ ಗಂಟೆಗೊಮ್ಮೆ ತಿರುವಿ, ನಡುಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ಹೊತ್ತು ರಾಶಿ ಮಾಡಿ ಮುಚ್ಚಿ. ರಾತ್ರಿ ಮುಚ್ಚದೆ ಬಿಡಲೇಬೇಡಿ. ಒಣಗಿದ್ದಕ್ಕೆ ಹಸಿಯನ್ನು ಬೆರೆಸಬೇಡಿ. ಹಸಿಯ ತೇವ ಕುಡಿದು ಒಣಗಿದ್ದೂ ಬಿರಿಯುತ್ತದೆ.

ಮೂರನೆಯದು ಬಿತ್ತನೆ ಬತ್ತ. ಕಾಳಿನೊಳಗೆ ಜೀವ ಇದೆ ಎಂಬುದನ್ನು ಮರೆಯಬೇಡಿ. ಯಂತ್ರದಲ್ಲಿ ಒಣಗಿಸುವುದಾದರೆ ಗಾಳಿಯ ಬಿಸಿ 43 ಡಿಗ್ರಿ ದಾಟಬಾರದು. ದಾಟಿದರೆ ನೋಡುವುದಕ್ಕೆ ಕಾಳು ಚೆನ್ನಾಗಿಯೇ ಇರುತ್ತದೆ, ಸಸಿಮಡಿಯಲ್ಲಿ ಮೊಳೆಯುವುದಿಲ್ಲ.

ನಾಲ್ಕನೆಯದು, ಒಬ್ಬರಿಗೆ ಆಗದ್ದು ಹತ್ತು ಮನೆಗೆ ಆಗುತ್ತದೆ. ಒಣಗಿಸುವ ಯಂತ್ರವನ್ನು ಒಬ್ಬ ಸಣ್ಣ ರೈತ ಕೊಳ್ಳಲಾರ. ವರ್ಷಕ್ಕೆ ನಾಲ್ಕು ದಿನದ ಕೆಲಸಕ್ಕೆ ಕೊಳ್ಳುವುದು ಲಾಭವೂ ಅಲ್ಲ. ಹಿಂದೆ ಊರಿಗೊಂದು ಕಣ ಇರುತ್ತಿತ್ತು, ಸರದಿಯ ಮೇಲೆ ಒಕ್ಕುತ್ತಿದ್ದರು. ಅದೇ ರೀತಿ ಸಹಕಾರ ಸಂಘದಿಂದಲೋ ರೈತ ಕೂಟದಿಂದಲೋ ಒಂದು ಯಂತ್ರ, ಇಲ್ಲವಾದರೆ ಒಂದು ಗಾರೆ ಕಣ ಮತ್ತು ತೇವ ಅಳೆಯುವ ಒಂದು ಮೀಟರು ಊರಿಗೆ ಬಂದರೆ, ಮೋಡ ಕಂಡ ದಿನವೇ ಸಿಕ್ಕಿದ ಬೆಲೆಗೆ ಹಸಿಬತ್ತ ಸುರಿದು ಬರುವ ಗತಿ ತಪ್ಪುತ್ತದೆ. ಈ ಸಲದ ಕೊಯ್ಲಿಗೆ ಮೊದಲು ಊರಿನ ನಾಲ್ಕು ಜನ ಯಜಮಾನರು ಕೂತು ಇದನ್ನು ಮಾತಾಡಿಕೊಳ್ಳಿ. ಮೀಟರು ಒಂದು ಕೈಗೆ ಬಂದರೂ ಆರಂಭವಾದಂತೆಯೇ.

ನಿಮ್ಮ ಕಣ ತುಂಬಲಿ, ಕಾಳು ಗಟ್ಟಿಯಾಗಲಿ.